ಹೆಗಡೆ, ನಾಯ್ಕ, ಸಿದ್ದಿ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹೆಸರುಗಳು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಬ್ಬ ವ್ಯಕ್ತಿಯ ಪೂರ್ಣ ಹೆಸರು ಸಾಮಾನ್ಯವಾಗಿ ಮೂರು ಪದಗಳದ್ದು. ಮೊದಲು ಅವನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಸಿದ್ದಾಪುರ ತಾಲ್ಲೂಕಿನಲ್ಲಿ 1926ರಲ್ಲಿ ಹುಟ್ಟಿ 1983ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದವರ ಹೆಸರು ದಾಖಲೆಯಲ್ಲಿ ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಯಲ್ಲಾಪುರ ತಾಲ್ಲೂಕಿನ ಹಿತ್ಲಳ್ಳಿಯವರಾಗಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡವರ ಹೆಸರು ಶಾಂತಾರಾಮ ಬುಡ್ನಾ ಸಿದ್ದಿ. ಒಬ್ಬರು ಅಡಿಕೆ ತೋಟದ ಹವ್ಯಕ ಬ್ರಾಹ್ಮಣ ಮನೆತನದವರು, ಇನ್ನೊಬ್ಬರು ಆಫ್ರಿಕಾ ಮೂಲದ ಸಿದ್ದಿ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು. ಇಬ್ಬರ ಹೆಸರಿನ ಕಟ್ಟು ಮಾತ್ರ ಒಂದೇ. ಈ ಮೂರು ಪದಗಳಲ್ಲಿ ಮೊದಲನೆಯದು ಬಹುಪಾಲು ದೇವರಿಂದ ಬಂದದ್ದು, ಕೊನೆಯದು ಹಳೆಯ ಹುದ್ದೆಯಿಂದಲೋ ಸಮುದಾಯದ ಹೆಸರಿನಿಂದಲೋ ಬಂದದ್ದು. ಊರಲ್ಲಿ ಮನುಷ್ಯನನ್ನು ಗುರುತಿಸುವುದು ಮಾತ್ರ ಈ ಮೂರರಲ್ಲಿ ಯಾವುದರಿಂದಲೂ ಅಲ್ಲ, ಅವನ ಮನೆಯ ಅಥವಾ ಊರಿನ ಹೆಸರಿನಿಂದ. ಸೀಮೆಯ ಹೆಸರುಗಳನ್ನು ಅರಿಯಬೇಕಾದರೆ ದಾಖಲೆಗೆ ಹೆಚ್ಚು ಹತ್ತದ ಈ ನಾಲ್ಕನೆಯ ಪದವನ್ನು ಮರೆಯುವಂತಿಲ್ಲ.

ಮೂರು ಪದಗಳ ಈ ಕ್ರಮ ಇಲ್ಲಿ ಗಟ್ಟಿಯಾದದ್ದಕ್ಕೆ ಆಡಳಿತದ ಚರಿತ್ರೆ ಕಾರಣ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದರು. ಅಲ್ಲಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಶಿರಸಿ ಸೀಮೆಯ ಶಾಲೆ, ಕೋರ್ಟು, ಕಂದಾಯ ಕಚೇರಿಗಳೆಲ್ಲ ಮುಂಬಯಿಯ ರೂಢಿಯಂತೆ ನಡೆದವು. ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮರಾಠಿ ನಾಡಿನ ಕ್ರಮ ಇಲ್ಲಿಯ ಎಲ್ಲ ಜಾತಿಗಳ ಮೇಲೂ ಕೂತದ್ದು ಆ ಕಾಲದಲ್ಲಿ. ಗಡಿಯಾಚೆಯ ಸೊರಬ, ಸಾಗರಗಳು ಮೈಸೂರು ಸಂಸ್ಥಾನದಲ್ಲಿದ್ದವು. ಅಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟು ವ್ಯಕ್ತಿಯ ಹೆಸರಿನಲ್ಲಿಯೇ ನಿಲ್ಲಿಸುವುದು ಕ್ರಮ. ಸಿದ್ದಾಪುರದ ದೀವರ ಸಮುದಾಯದವರು ‘ನಾಯ್ಕ’ ಎಂದು ಬರೆಸಿದರೆ, ಅವರದೇ ನೆಂಟಸ್ತಿಕೆಯ ಸೊರಬದ ದೀವರಲ್ಲಿ ಅಡ್ಡಹೆಸರಿಲ್ಲದವರೇ ಬಹಳ. 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದ ಎಸ್. ಬಂಗಾರಪ್ಪ ಅವರ ಹೆಸರಿನಲ್ಲಿ ‘ಎಸ್’ ಎಂದರೆ ಸಾರೆಕೊಪ್ಪ ಎಂಬ ಊರು. ರಾಜಕಾರಣಿ ಕಾಗೋಡು ತಿಮ್ಮಪ್ಪ ಅವರ ಹೆಸರಿನ ಕಾಗೋಡು 1951ರ ಗೇಣಿದಾರರ ಸತ್ಯಾಗ್ರಹ ನಡೆದ ಅದೇ ಹಳ್ಳಿ. ಸಿದ್ದಾಪುರದ ರಾಮಕೃಷ್ಣ ಹೆಗಡೆ, ಸೊರಬದ ಬಂಗಾರಪ್ಪ ಹುಟ್ಟಿದ್ದು ಅಕ್ಕಪಕ್ಕದ ತಾಲ್ಲೂಕುಗಳಲ್ಲಿ. ಅವರ ಹೆಸರುಗಳ ರೂಪ ಬೇರೆಯಾದದ್ದು ಜಾತಿಯಿಂದ ಎಷ್ಟೋ ಗಡಿಯಿಂದಲೂ ಅಷ್ಟೇ.

ಸೀಮೆಯ ಹೆಸರುಗಳಿಗೆ ಬರವಣಿಗೆಯ ಸಾಕ್ಷ್ಯ ಬಲು ಹಳೆಯದು. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಐದು ಹೆಡೆಯ ನಾಗಶಿಲ್ಪದ ಅಂಚಿನಲ್ಲಿ ಪ್ರಾಕೃತ ಶಾಸನವಿದೆ. ಚುಟು ಅರಸರ ಕಾಲದ ಅದರಲ್ಲಿ ಅರಸನನ್ನು ಹಾರೀತಿಪುತ್ರನೆಂದು ತಾಯಿಯ ಕಡೆಯಿಂದ ಗುರುತಿಸಿದೆ. ಕೆತ್ತಿದ ಶಿಲ್ಪಿ ನಟಕ, ದಾನ ಮಾಡಿದ ರಾಜಕುಮಾರಿ ನಾಗಶ್ರೀ. ನಾಗನ ಹೆಸರನ್ನು ಮಗಳಿಗಿಡುವ ರೂಢಿ ಈ ಸೀಮೆಯಲ್ಲಿ ಇಂದಿಗೂ ಇದೆ. ನಾಗವೇಣಿ, ನಾಗರತ್ನ, ನಾಗಮ್ಮ ಇಲ್ಲದ ಕೇರಿ ಸಿಗುವುದು ಕಷ್ಟ.

ಕದಂಬರ ಕಥೆ ಇನ್ನೂ ಸ್ವಾರಸ್ಯದ್ದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಮಾನವ್ಯ ಗೋತ್ರದ ಬ್ರಾಹ್ಮಣ ಮನೆತನವೊಂದು ತಮ್ಮ ಮನೆಯ ಬಳಿ ಬೆಳೆದ ಕದಂಬ ವೃಕ್ಷವನ್ನು ಸಾಕಿಕೊಂಡು ಬಂದದ್ದರಿಂದ ಆ ಹೆಸರು ಪಡೆಯಿತೆಂದು ಅವನು ಹೇಳುತ್ತಾನೆ. ಕಂಚಿಯಲ್ಲಿ ಅವಮಾನಗೊಂಡು ದರ್ಭೆ ಬಿಟ್ಟು ಕತ್ತಿ ಹಿಡಿದ ಮಯೂರಶರ್ಮ ಮುಂದಿನ ತಲೆಮಾರುಗಳ ನೆನಪಿನಲ್ಲಿ ಮಯೂರವರ್ಮನಾದ. ಕಂಗವರ್ಮ, ಕಾಕುಸ್ಥವರ್ಮ, ಶಾಂತಿವರ್ಮ, ಮೃಗೇಶವರ್ಮ, ರವಿವರ್ಮ ಎಂದು ವಂಶದಲ್ಲಿ ‘ವರ್ಮ’ವೇ ಉಳಿಯಿತು. ಕೆಲಸ ಬದಲಾದಾಗ ಹೆಸರಿನ ಬಾಲ ಬದಲಾದದ್ದೂ, ಮನೆಯ ಮುಂದಿನ ಮರ ಮನೆತನದ ಹೆಸರಾದದ್ದೂ ನಾಲ್ಕೈದನೆಯ ಶತಮಾನದ ಸಂಗತಿ. ಈಗಿನ ಹೆಗಡೆ, ಕೆರೆಮನೆ, ಹೊಸ್ತೋಟ ಎಂಬ ಹೆಸರುಗಳ ಹಿಂದಿರುವ ನಿಯಮವೂ ಅದೇ ಎಂಬುದು ಈ ಲೇಖನದ ನಿಲುವು.

ಅಡ್ಡಹೆಸರುಗಳಲ್ಲಿ ಈ ಸೀಮೆಗೇ ಅಂಟಿಕೊಂಡಂತಿರುವುದು ಹೆಗಡೆ. ಹಳಗನ್ನಡ ಶಾಸನಗಳಲ್ಲಿ ಇದರ ರೂಪ ಪೆರ್ಗಡೆ. ‘ಪೆರ್’ ಎಂದರೆ ಹಿರಿದು. ಹೆಬ್ಬಾಗಿಲು, ಹೆಬ್ಬಾವು, ಹೆದ್ದಾರಿಗಳಲ್ಲಿ ಇರುವುದೂ ಅದೇ. ಪಕಾರ ಹಕಾರವಾದ ಕಾಲದಲ್ಲಿ ಪೆರ್ಗಡೆ ಹೆಗ್ಗಡೆಯಾಯಿತು, ಘಟ್ಟದ ಮೇಲಿನ ಬಾಯಲ್ಲಿ ದ್ವಿತ್ವ ಸವೆದು ಹೆಗಡೆಯಾಯಿತು. ಪೆರ್ಗಡೆ ಅರಸನ ಪರವಾಗಿ ಸುಂಕ ಎತ್ತುವ, ಊರಿನ ಅಥವಾ ನಾಡಿನ ಆಡಳಿತ ನೋಡುವ ಅಧಿಕಾರಿ. ಅವನ ಹೆಂಡತಿ ಪೆರ್ಗಡಿತಿ, ಮುಂದೆ ಹೆಗ್ಗಡತಿ. ಹುದ್ದೆಗೆ ಜಾತಿಯಿರಲಿಲ್ಲ. ಆದ್ದರಿಂದಲೇ ಇಂದು ಧರ್ಮಸ್ಥಳದ ಜೈನ ಹೆಗ್ಗಡೆಯವರು, ಕರಾವಳಿಯ ಬಂಟ ಹೆಗ್ಡೆಯವರು, ಶಿರಸಿಯ ಹವ್ಯಕ ಹೆಗಡೆಯವರು ಒಂದೇ ಪದವನ್ನು ಹಂಚಿಕೊಂಡಿದ್ದಾರೆ. ಘಟ್ಟದ ಮೇಲೆ ವಿಜಯನಗರ, ಸೋದೆ (ಸೋಂದಾ), ಬಿಳಗಿ ಅರಸರ ಕಾಲಗಳಲ್ಲಿ ತೋಟಪಟ್ಟಿಯ ಊರುಗಳ ಯಜಮಾನಿಕೆ ಹವ್ಯಕ ಮನೆಗಳಲ್ಲಿತ್ತು, ಹೆಗಡೆತನವೂ ಅಲ್ಲಿಯೇ ನಿಂತಿತು. ಹುದ್ದೆಯಾಗಿದ್ದಾಗ ಊರಿಗೊಬ್ಬನೇ ಹೆಗಡೆ. ಹುದ್ದೆ ಹೋಗಿ ಅಡ್ಡಹೆಸರಾದ ಮೇಲೆ ಅವನ ಮಕ್ಕಳು, ಮೊಮ್ಮಕ್ಕಳು, ಪಾಲಾಗಿ ಬೇರೆ ಹೋದ ಮನೆಗಳವರು ಎಲ್ಲರೂ ಹೆಗಡೆಯವರೇ. ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾ ಎಂಬ ಊರು ಅಧಿಕಾರದ ಪದವನ್ನು ನೆಲಕ್ಕೇ ಕೊಟ್ಟುಬಿಟ್ಟಿದೆ.

ಹವ್ಯಕ ಎಂಬ ಸಮುದಾಯನಾಮಕ್ಕೂ ಎರಡು ವಿವರಣೆಗಳಿವೆ. ಹವ್ಯ, ಅಂದರೆ ಹೋಮದ ಆಹುತಿಗೆ ಸಂಬಂಧಪಟ್ಟವರು ಎಂಬುದು ಒಂದು. ಶಾಸನಗಳಲ್ಲಿ ಬರುವ ಹೈವೆ ಅಥವಾ ಹೈವೆ-500 ಎಂಬ ಕರಾವಳಿಯ ನಾಡಿನವರು ಎಂಬುದು ಇನ್ನೊಂದು. 1801ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಇವರನ್ನು ಹೈಗ ಬ್ರಾಹ್ಮಣರೆಂದೇ ಬರೆದಿದ್ದಾನೆ. ಎರಡನೆಯ ವಿವರಣೆಗೆ ಹೆಚ್ಚು ಬಲವಿರುವಂತೆ ತೋರುತ್ತದೆ.

ಹವ್ಯಕರಲ್ಲಿ ಉಳಿದ ಅಡ್ಡಹೆಸರುಗಳು ವಿದ್ಯೆಯವು ಅಥವಾ ಕಸುಬಿನವು. ಪೌರೋಹಿತ್ಯದ ಮನೆ ಭಟ್ಟ, ಪಂಚಾಂಗ ನೋಡುವವರು ಜೋಶಿ ಅಥವಾ ಜೋಯಿಸ, ಶಾಸ್ತ್ರ ಓದಿದವರು ಶಾಸ್ತ್ರಿ. ಯಜ್ಞ ಮಾಡಿದ ಹಿರಿಯನಿಂದ ಯಾಜಿ, ದೀಕ್ಷಿತ. ವೇದವನ್ನು ಘನಪಾಠದಲ್ಲಿ ಹೇಳಬಲ್ಲವನಿಂದ ಘನಪಾಠಿ. ಹೆಬ್ಬಾರ ಎಂಬುದು ಪೆರ್ಬಾರುವದಿಂದ, ಎಂದರೆ ಹಿರಿಯ ಬ್ರಾಹ್ಮಣ ಎಂಬುದರಿಂದ ಬಂದದ್ದು. ಇಲ್ಲಿಯೂ ಹೆಗಡೆಯ ‘ಪೆರ್’ ಇದೆ. ಈ ಅಡ್ಡಹೆಸರುಗಳು ಒಳಪಂಗಡಗಳಲ್ಲ. ಹೆಗಡೆಯವರ ಮನೆಗೆ ಭಟ್ಟರ ಮನೆಯ ಹೆಣ್ಣು ಬರುತ್ತಾಳೆ, ಹೆಗಡೆಯವರದ್ದೇ ಬೇರೆ ಮನೆಯಿಂದಲೂ ಬರುತ್ತಾಳೆ. ಮದುವೆಯಲ್ಲಿ ನೋಡುವುದು ಗೋತ್ರವನ್ನು. ವಸಿಷ್ಠ, ವಿಶ್ವಾಮಿತ್ರ, ಕಶ್ಯಪ, ಭಾರದ್ವಾಜ, ಜಮದಗ್ನಿ, ಗೌತಮ, ಆಂಗಿರಸ ಎಂಬ ಏಳು ಗೋತ್ರಗಳು ಸಂಕಲ್ಪದ ಹೊತ್ತಿಗೆ ಬಾಯಿಗೆ ಬರುತ್ತವೆ, ಹೆಸರಿನ ಭಾಗವಾಗುವುದಿಲ್ಲ.

ಯಕ್ಷಗಾನ ಎರಡು ಅಡ್ಡಹೆಸರುಗಳನ್ನು ಕೊಟ್ಟಿದೆ. ಮೇಳದಲ್ಲಿ ಹಾಡಿ ಆಟ ನಡೆಸುವವನು ಭಾಗವತ. ಶಿರಸಿ ತಾಲ್ಲೂಕಿನ ಹೊಸ್ತೋಟ ಮಂಜುನಾಥ ಭಾಗವತ, ನೆಬ್ಬೂರು ನಾರಾಯಣ ಭಾಗವತ ನಾಡಿಗೇ ಗೊತ್ತಿರುವ ಹೆಸರುಗಳು. ಘಟ್ಟದ ಕೆಳಗೆ ಹೊನ್ನಾವರದ ಕರ್ಕಿಯಲ್ಲಿ ಹಾಸ್ಯಗಾರ ಎಂಬುದು ಒಂದು ಇಡೀ ಮನೆತನದ ಅಡ್ಡಹೆಸರು. ರಂಗದ ಮೇಲಿನ ಪಾತ್ರವೊಂದು ಮನೆಯ ಹೆಸರಾಗಿ ತಲೆಮಾರು ದಾಟಿದ್ದು ಕಲೆಗೆ ಈ ಜಿಲ್ಲೆ ಕೊಟ್ಟ ಗೌರವವೆಂದೇ ತಿಳಿಯಬೇಕು.

ನಾಯ್ಕ ಸಂಸ್ಕೃತದ ನಾಯಕದಿಂದ ಬಂದದ್ದು. ವಿಜಯನಗರದ ಕಾಲದಲ್ಲಿ ಇದು ದಂಡಿನ ಮುಖ್ಯನ, ಪಾಳೆಯ ಆಳುವವನ ಬಿರುದು. ಹದಿನಾರನೆಯ ಶತಮಾನದಲ್ಲಿ ಸೋದೆಯಲ್ಲಿ ಆಳಿ, ಮಾಧ್ವ ಯತಿ ವಾದಿರಾಜರಿಗೆ ನೆಲೆ ಕೊಟ್ಟ ಅರಸಪ್ಪ ನಾಯಕನೂ, ಇಕ್ಕೇರಿಯ ಅರಸರೂ ಆ ಬಿರುದಿನವರೇ. ಇಂದು ಜಿಲ್ಲೆಯಲ್ಲಿ ಅದನ್ನು ಬರೆಯುವ ಬಗೆಯಿಂದಲೇ ಸಮುದಾಯವನ್ನು ಊಹಿಸುತ್ತಾರೆ. ನಾಮಧಾರಿಗಳು, ದೀವರು ‘ನಾಯ್ಕ’ ಎಂದು ಒತ್ತಕ್ಷರದಲ್ಲಿ ಬರೆದರೆ, ಅಂಕೋಲೆಯ ಕಡೆಯ ನಾಡವರು ‘ನಾಯಕ’ ಎಂದು ಬಿಡಿಸಿ ಬರೆಯುತ್ತಾರೆ. ಗೌಡ ಸಾರಸ್ವತರಲ್ಲಿಯೂ ನಾಯಕರಿದ್ದಾರೆ. ಗೌಡ ಎಂಬುದು ಶಾಸನಗಳ ಗಾಮುಂಡ, ಗಾವುಂಡ, ಊರಿನ ಮುಖ್ಯಸ್ಥ. ಶಿರಸಿ, ಸಿದ್ದಾಪುರಗಳ ಕರಿ ಒಕ್ಕಲಿಗರು, ಕರಾವಳಿಯ ಹಾಲಕ್ಕಿಗಳು, ಬನವಾಸಿ ಕಡೆಯ ಲಿಂಗಾಯತರು ಮೂವರಲ್ಲಿಯೂ ಈ ಹೆಸರಿದೆ. ಗಾಂವ್ಕರ ಕೊಂಕಣದ ಕಡೆಯಿಂದ ಬಂದ ಅದೇ ಅರ್ಥದ ಪದ. ಯಲ್ಲಾಪುರದಲ್ಲಿ ಹವ್ಯಕರಿಂದ ಹಿಡಿದು ಕುಣಬಿಗಳವರೆಗೆ ಹಲವರ ಅಡ್ಡಹೆಸರು ಅದು. ಊರ ಲೆಕ್ಕ ಬರೆಯುತ್ತಿದ್ದ ಸೇನಬೋವನಿಂದ ಶಾನಭಾಗ, ನಾಡಿನ ಲೆಕ್ಕದವನಿಂದ ನಾಡಕರ್ಣಿ, ಉಗ್ರಾಣದವನಿಂದ ಭಂಡಾರಿ. ತೆರಿಗೆ ಎತ್ತುವವ, ಲೆಕ್ಕ ಬರೆಯುವವ, ಕೂಡಿಡುವವ, ಕಾಯುವವ ಹೀಗೆ ಹಳೆಯ ಕಂದಾಯದ ಚಾವಡಿಯಲ್ಲಿ ಕೂರುತ್ತಿದ್ದವರೆಲ್ಲ ಇಂದು ಮತದಾರರ ಪಟ್ಟಿಯಲ್ಲಿ ಸಿಗುತ್ತಾರೆ.

ಇವುಗಳ ನಡುವೆ ಕೈಯ ಕಸುಬನ್ನೇ ಹೆಸರಾಗಿ ಉಳಿಸಿಕೊಂಡವರು ಗುಡಿಗಾರರು. ಗಂಧದ ಮರ, ದಂತ, ಬೆಂಡಿನಲ್ಲಿ ಕೆತ್ತನೆ ಮಾಡುವ ಈ ಸಮುದಾಯ ಶಿರಸಿ, ಸಿದ್ದಾಪುರ, ಸೊರಬ, ಸಾಗರಗಳಲ್ಲಿ ಹರಡಿದೆ. ಗುಡಿಯ ಕೆಲಸದವರು ಎಂಬ ಅರ್ಥ ಹೆಸರಿನಲ್ಲಿಯೇ ಇದೆ. ಮಡಿವಾಳ, ಆಚಾರಿ, ಅಂಬಿಗ ಮುಂತಾದವೂ ಹಾಗೆಯೇ ನಿಂತಿವೆ.

ಶಿರಸಿಯ ಪೇಟೆಯಲ್ಲಿ ಚಿನ್ನಬೆಳ್ಳಿ ಅಂಗಡಿಗಳ ಬೋರ್ಡುಗಳನ್ನು ಓದುತ್ತ ಹೋದರೆ ಗೋವೆಯ ಭೂಪಟ ಬಿಚ್ಚಿಕೊಳ್ಳುತ್ತದೆ. ವೆರ್ಣೇಕರ ವೆರ್ಣೆಯವರು, ರಾಯ್ಕರ ರಾಯ್ ಎಂಬ ಊರಿನವರು, ರೇವಣಕರ ರಿವೋಣದವರು. ಪೋರ್ಚುಗೀಸರ ಕಾಲದಲ್ಲಿ ಊರು ಬಿಟ್ಟು ತೆಂಕಲಿಗೆ ಬಂದ ದೈವಜ್ಞ, ಸಾರಸ್ವತ ಕುಟುಂಬಗಳು ಬಿಟ್ಟ ಊರನ್ನು ಹೆಸರಿನಲ್ಲಿ ಹೊತ್ತುಕೊಂಡು ಬಂದವು. ಚಿತ್ರಾಪುರ ಸಾರಸ್ವತರು ಹಾಗಲ್ಲ. ಅವರ ಅಡ್ಡಹೆಸರುಗಳಲ್ಲಿ ಹಲವು ತಾವು ನೆಲೆಸಿದ ಈ ಕಡೆಯ ಊರುಗಳವು: ಭಟ್ಕಳದ ಹತ್ತಿರದ ಕಾಯ್ಕಿಣಿಯಿಂದ ಕಾಯ್ಕಿಣಿ, ಚಂದಾವರದಿಂದ ಚಂದಾವರ್ಕರ. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿ 1900ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ನಾರಾಯಣ ಗಣೇಶ ಚಂದಾವರ್ಕರರ ಹೆಸರಿನಲ್ಲಿ ಆ ಹಳ್ಳಿ ಮುಂಬಯಿ ಹೈಕೋರ್ಟಿನವರೆಗೂ ಹೋಯಿತು. ಉಲ್ಟಾ ಪಯಣವೂ ನಡೆದಿದೆ. ಹೈದರಾಲಿಯ ದಂಡು ಸೋದೆಯನ್ನು ಹಿಡಿದಾಗ ಗೋವೆಗೆ ಓಡಿದ ಅರಸು ಮನೆತನ ಅಲ್ಲಿ ಸೌಂದೇಕರ ಎಂದು ಕರೆಸಿಕೊಂಡಿತು. ರಾಜ್ಯ ಹೋದ ಮೇಲೆ ಉಳಿದದ್ದು ‘ಸೋದೆಯವರು’ ಎಂಬ ಗುರುತು.

ಕ್ರೈಸ್ತರ ಫರ್ನಾಂಡಿಸ್, ರೊಡ್ರಿಗಸ್, ಗೊನ್ಸಾಲ್ವಿಸ್‌ಗಳು ಗೋವೆಯಲ್ಲಿ ಮತಾಂತರದ ಹೊತ್ತಿಗೆ ಪೋರ್ಚುಗೀಸ್ ಜ್ಞಾನಪಿತೃಗಳಿಂದ ಬಂದವು. ಫರ್ನಾಂಡಿಸ್ ಎಂದರೆ ಫರ್ನಾಂಡೋನ ಮಗ. ಮುಸ್ಲಿಮರಲ್ಲಿ ಶೇಖ್, ಸಯ್ಯದ್, ಖಾನ್ ಜೊತೆಗೆ ಹೆಸರಿನ ಕೊನೆಗೆ ‘ಸಾಬ್’ ಸೇರಿಸುವ ಹಳ್ಳಿಯ ರೂಢಿ ಇದೆ.

ಕೆಲವರ ಅಡ್ಡಹೆಸರು ಹುದ್ದೆಯದೂ ಅಲ್ಲ, ಊರಿನದೂ ಅಲ್ಲ. ಬರೆದುಕೊಂಡವರು ಕಂಡಂತೆ ಸಮುದಾಯದ್ದು. ಸಿದ್ದಿ, ಮರಾಠಿ, ಹಸ್ಲರ, ಮುಕ್ರಿ ಇವೆಲ್ಲ ಹಾಗೆ. ಹೆಗಡೆ ಎಂದಾಗ ಒಂದು ಅಧಿಕಾರ ಕೇಳಿಸುತ್ತದೆ, ಸಿದ್ದಿ ಎಂದಾಗ ಒಂದು ಜನಾಂಗ. ಶಾಲೆಗೆ ಸೇರಿಸುವ ದಿನ, ಪಹಣಿಗೆ ಹೆಸರು ಹಚ್ಚುವ ದಿನ, ಅಡ್ಡಹೆಸರೆಂಬ ಖಾನೆ ತುಂಬಬೇಕಾಗಿ ಬಂದಾಗ ಯಾರಿಗೆ ಹಳೆಯ ಬಿರುದು ಇರಲಿಲ್ಲವೋ ಅವರಿಗೆ ಜಾತಿಯೇ ಹೆಸರಾಯಿತು. ಇದನ್ನು ಸಹಜವೆಂದು ದಾಟಿಹೋಗುವುದು ಸರಿಯಲ್ಲ; ಬರೆಯುವ ಕೈ ಯಾರದ್ದಾಗಿತ್ತು ಎಂಬುದು ಅಲ್ಲಿ ಕಾಣುತ್ತದೆ. ಸಿದ್ದಿ ಎಂಬ ಪದ ಅರಬ್ಬಿಯ ‘ಸಯ್ಯಿದಿ’, ಎಂದರೆ ‘ನನ್ನೊಡೆಯ’ ಎಂಬುದರಿಂದ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಪೋರ್ಚುಗೀಸರೂ ಅರಬರೂ ಗುಲಾಮರನ್ನಾಗಿ ಹಡಗಿನಲ್ಲಿ ತಂದವರ ಸಂತತಿ ಕಾಡು ಸೇರಿ ಬದುಕಿ ಉಳಿಯಿತು, ಒಡೆಯನನ್ನು ಕರೆಯುವ ಮಾತೇ ಅವರ ಹೆಸರಾಯಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಆದ್ದರಿಂದ ಒಂದೇ ಸಮುದಾಯದಲ್ಲಿ ಗಣಪತಿ, ಅಂತೋನ್, ಇಮಾಮ್ ಎಂಬ ಹೆಸರುಗಳು ಸಿಗುತ್ತವೆ. ಆಫ್ರಿಕದ ಹೆಸರುಗಳು ಅಳಿದಿವೆ. ಮೂವರನ್ನೂ ಜೋಡಿಸುವುದು ಕೊನೆಯ ‘ಸಿದ್ದಿ’. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ ಮೇಲೆ ಈ ಹೆಸರನ್ನು ಎದೆಯುಬ್ಬಿಸಿ ಬರೆಯುವ ತಲೆಮಾರು ಬಂದಿದೆ. ಯಲ್ಲಾಪುರದ ಕಾಡಂಚಿನ ಧನಗರ ಗೌಳಿಗಳು ಇದಕ್ಕೆ ಭಿನ್ನ. ಜೋರೆ, ಥೋರಾತ, ಶೆಳಕೆ ಎಂಬ ಮರಾಠಿ ಮನೆತನದ ಹೆಸರುಗಳನ್ನು ಎಮ್ಮೆಯ ಮಂದೆಯ ಜೊತೆ ಘಟ್ಟದುದ್ದಕ್ಕೂ ತಂದವರು ಅವರು.

ಇನ್ನು ವ್ಯಕ್ತಿನಾಮಗಳು. ಇಲ್ಲಿ ಮಗುವಿನ ಹೆಸರು ಕೇಳಿದರೆ ಮನೆಯವರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆಂದು ಹೇಳಬಹುದಿತ್ತು. ಗೋಕರ್ಣದಿಂದ ಮಹಾಬಲೇಶ್ವರ; ರಾವಣ ಎಳೆದರೂ ಕೀಳಲಾಗದ ಲಿಂಗದ ಬಲವೇ ಆ ಹೆಸರಿನ ಅರ್ಥ. ಇಡಗುಂಜಿಯಿಂದ ಗಣಪತಿ, ವಿನಾಯಕ, ವಿಘ್ನೇಶ್ವರ. ಧರ್ಮಸ್ಥಳದಿಂದ ಮಂಜುನಾಥ. ತಿರುಪತಿ ಹಾಗೂ ಶಿರಸಿ ತಾಲ್ಲೂಕಿನ ಮಂಜುಗುಣಿಯಿಂದ ವೆಂಕಟರಮಣ, ತಿಮ್ಮಪ್ಪ, ತಿರುಮಲ. ಬನವಾಸಿಯಿಂದ ಮಧುಕೇಶ್ವರ. ಕೊಲ್ಲೂರಿನಿಂದ ಮೂಕಾಂಬೆ. ಸುಬ್ರಹ್ಮಣ್ಯನಿಂದ ಬಂದ ಸುಬ್ರಾಯ ಹವ್ಯಕ, ನಾಮಧಾರಿ, ಕೊಂಕಣಿ ಮೂವರ ಮನೆಯಲ್ಲಿಯೂ ಇದ್ದಾನೆ. ಪೂರ್ವದ ಲಿಂಗಾಯತರಲ್ಲಿ ಬಸವಣ್ಣನ ಹೆಸರುಗಳ ಜೊತೆ ಉಳವಿಯ ಚನ್ನಬಸವೇಶ್ವರನಿಂದ ಉಳವಪ್ಪ.

ಇವುಗಳಲ್ಲಿ ನೆಲದ ವಾಸನೆ ಹೆಚ್ಚಿರುವುದು ಗುತ್ಯಪ್ಪ, ಗುತ್ಯಮ್ಮ ಎಂಬ ಹೆಸರುಗಳಿಗೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯನ್ನು ಜನ ಗುತ್ಯಮ್ಮ ಎನ್ನುತ್ತಾರೆ. ಹರಕೆ ಹೊತ್ತು ಹುಟ್ಟಿದ ಮಗುವಿಗೆ ಅಮ್ಮನ ಊರೇ ಹೆಸರು. ಸಂಸ್ಕೃತದ ಪುರಾಣದಲ್ಲಿ ಹುಡುಕಿದರೆ ಸಿಗದ, ಗುಡ್ಡವನ್ನು ಬಲ್ಲವರಿಗೆ ಮಾತ್ರ ತಿಳಿಯುವ ಹೆಸರು ಇದು. ಊರ ಕಾಯುವ ಚೌಡಿಯಿಂದ ಚೌಡ, ಚೌಡಪ್ಪ, ಜಟಕನಿಂದ ಜಟ್ಟಿ, ಜಟ್ಟಪ್ಪ, ಬೀರನಿಂದ ಬೀರಪ್ಪ. ವಾರದ ಹೆಸರುಗಳು ಕರಾವಳಿಯ ಹಾಲಕ್ಕಿಗಳಲ್ಲಿ ಬಹಳ. ಪದ್ಮಶ್ರೀ ಪಡೆದ ಅಂಕೋಲೆಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಹೆಸರಿನಲ್ಲಿ ಶುಕ್ರವಾರವಿದೆ, ಅಡ್ಡಹೆಸರಿನಲ್ಲಿ ಗಂಡನ ಹೆಸರೇ ಇದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹುಚ್ಚ, ಗುಂಡ, ತಿಪ್ಪ ಎಂದು ಬೇಡವಾದ ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುವ ರೂಢಿ ನಾಡಿನ ಉಳಿದೆಡೆಯಂತೆ ಇಲ್ಲಿಯೂ ಇತ್ತು. ಅಂಥ ಹೆಸರು ಹೊತ್ತ ಅಜ್ಜನೊಬ್ಬ ವಂಶಾವಳಿಯಲ್ಲಿ ಕಂಡರೆ ಅವನಿಗಿಂತ ಮೊದಲು ಮಣ್ಣಾದ ಕೂಸುಗಳನ್ನೂ ಅಲ್ಲಿ ಓದಿಕೊಳ್ಳಬೇಕು.

ಹವ್ಯಕರ ಹೆಣ್ಣುಮಕ್ಕಳ ಹೆಸರುಗಳಲ್ಲಿ ಹೊಳೆಗಳು ಹರಿಯುತ್ತವೆ: ಗಂಗೆ, ಯಮುನೆ, ಗೋದಾವರಿ, ಭಾಗೀರಥಿ, ಕಾವೇರಿ, ಶರಾವತಿ. ಜೊತೆಗೆ ಪಾರ್ವತಿ, ಸಾವಿತ್ರಿ, ಮಹಾದೇವಿ, ಅನ್ನಪೂರ್ಣೆ. ಗಂಡುಮಕ್ಕಳಲ್ಲಿ ಅಜ್ಜನ ಹೆಸರನ್ನು ಮೊದಲ ಮೊಮ್ಮಗನಿಗೆ ಇಡುವ ಪದ್ಧತಿ. ಇದರಿಂದ ಒಂದು ಮನೆಯ ಪಹಣಿಯಲ್ಲಿ ಗಣಪತಿ ರಾಮಚಂದ್ರ ಹೆಗಡೆ, ಅವನ ಮಗ ರಾಮಚಂದ್ರ ಗಣಪತಿ ಹೆಗಡೆ, ಅವನ ಮಗ ಮತ್ತೆ ಗಣಪತಿ ರಾಮಚಂದ್ರ ಹೆಗಡೆ ಎಂದು ಎರಡೇ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಜಾಗ ಬದಲಿಸುತ್ತ ಸಾಗುತ್ತವೆ. ನೂರು ವರ್ಷದ ವಾಟ್ನಿ (ಆಸ್ತಿ ಪಾಲು) ಪತ್ರಗಳನ್ನು ಬಿಡಿಸುವ ವಕೀಲರಿಗೆ ಇದು ದೊಡ್ಡ ತಲೆನೋವು. ಹಿರಿಯರ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ನಿಯಮವೂ ಜೊತೆಗಿದ್ದುದರಿಂದ, ಮಾವನ ಹೆಸರು ಹೊತ್ತ ಮಗನನ್ನು ಸೊಸೆ ಹೆಸರು ಹಿಡಿದು ಕೂಗುವಂತಿರಲಿಲ್ಲ. ‘ಅಪ್ಪಿ’, ‘ಮಾಣಿ’, ಹುಡುಗಿಗೆ ‘ಕೂಸೆ’, ‘ತಂಗಿ’ ಎಂಬ ಕರೆಗಳು ಮನೆ ತುಂಬ ಓಡಾಡಿದ್ದಕ್ಕೆ ಇದೂ ಒಂದು ಕಾರಣ. ಕರೆಯುವಾಗ ಉದ್ದ ಹೆಸರು ಕಿರಿದಾಗುತ್ತದೆ: ಮಹಾಬಲೇಶ್ವರ ಮಾಬ್ಲ, ಸುಬ್ರಾಯ ಸುಬ್ಬಣ್ಣ, ವೆಂಕಟರಮಣ ವೆಂಕಣ್ಣ, ಭಾಗೀರಥಿ ಭಾಗಿ, ಪಾರ್ವತಿ ಪಾತಕ್ಕ.

ಆದರೆ ಕಿರಿದು ಮಾಡುವುದರಲ್ಲಿ ಎರಡು ಬಗೆಯಿತ್ತು ಎಂಬುದನ್ನು ಮುಚ್ಚಿಡಬಾರದು. ತೋಟದ ಒಡೆಯನ ಮಾಬ್ಲ ಮನೆಯೊಳಗಿನ ಸಲಿಗೆ. ಕಾಗದದಲ್ಲಿ ಅವನು ಮಹಾಬಲೇಶ್ವರನೇ. ಗದ್ದೆ ಉಳುವವನು ಕಾಗದದಲ್ಲಿಯೂ ರಾಮಾ, ತಿಮ್ಮಾ, ಕನ್ನಾ, ಮಂಜಾ. ದುಡಿಯುವವರಿಗೆ ‘ಚಂದ್ರ’, ‘ಈಶ್ವರ’, ‘ರಾಯ’ಗಳ ಬಾಲ ಬರವಣಿಗೆಯಲ್ಲಿ ಸಿಗುತ್ತಿರಲಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತಾಗ ‘ರಾಮಾ ತಿಮ್ಮಾ ನಾಯ್ಕ’ ಎಂಬಂಥ ಹೆಸರುಗಳೇ ಜಮೀನಿನ ಹಕ್ಕಿನ ಕಾಲಮ್ಮಿಗೆ ಏರಿದವು. ಆ ಎರಡಕ್ಷರದ ಹೆಸರು ಉಳುವ ನೆಲದ ಒಡೆಯನೆಂದು ಸರ್ಕಾರದ ಕಾಗದದಲ್ಲಿ ಮೊದಲ ಸಲ ಬರೆಸಿಕೊಂಡದ್ದು ಈ ಸೀಮೆಯ ಹೆಸರುಗಳ ಚರಿತ್ರೆಯಲ್ಲಿ ದೊಡ್ಡ ಘಟನೆ. ಆ ಮನೆಗಳ ಮುಂದಿನ ತಲೆಮಾರಿನಲ್ಲಿ ರಾಮಚಂದ್ರ, ವಸಂತ, ಪ್ರಕಾಶ ಬಂದರು. ಅಜ್ಜನ ಹೆಸರಿನ ಮುಂದೆ ಇಲ್ಲದ ಅಕ್ಷರಗಳನ್ನು ಮೊಮ್ಮಕ್ಕಳು ತಾವೇ ತುಂಬಿಕೊಂಡರು.

ಹೆಸರು ದೇವರದು, ಅಡ್ಡಹೆಸರು ಹುದ್ದೆಯದು ಎಂದಾದಾಗ ಒಂದೇ ಊರಲ್ಲಿ ನಾಲ್ಕು ಗಣಪತಿ ಹೆಗಡೆಯರು, ಆರು ಮಂಜುನಾಥ ನಾಯ್ಕರು ಇರುವುದು ಸಾಮಾನ್ಯ. ಇಲ್ಲಿ ಮನೆಯ ಹೆಸರು ಕೆಲಸಕ್ಕೆ ಬರುತ್ತದೆ. ಮೇಲಿನಮನೆ, ಕೆಳಗಿನಮನೆ, ಆಚೆಮನೆ, ಹೊಸ್ಮನೆ, ದೊಡ್ಮನೆ, ಗದ್ದೆಮನೆ, ಕೆರೆಮನೆ. ಊರಿನಿಂದ ಹೊರಗೆ ಹೋದರೆ ಇಡೀ ಊರೇ ಅವನ ಹೆಸರು. ಶಿರಸಿ ಕಡೆಯ ಮದುವೆಯ ಕರೆಯೋಲೆಯೊಂದನ್ನು ಹಿಡಿದು ನೋಡಿದರೆ ಸಾಕು: ಕರೆಯುವವರ ಹೆಸರಿಗಿಂತ ಕೆಳಗಿನ ವಿಳಾಸ ಉದ್ದ. ಮನೆ, ಮಜರೆ, ಊರು, ಅಂಚೆ, ತಾಲ್ಲೂಕು, ಕಂಸದಲ್ಲಿ ಉ.ಕ. ಓದುವವರು ಮೊದಲು ಹುಡುಕುವುದು ಊರನ್ನು. ಊರು ಗೊತ್ತಾದ ಮೇಲೆ ಯಾರ ಪೈಕಿ ಎಂಬುದು ತಾನಾಗಿ ಹೊಳೆಯುತ್ತದೆ.

ಊರ ಹೆಸರು ಹೇಗೆ ಮನುಷ್ಯನನ್ನೇ ಆವರಿಸುತ್ತದೆ ಎಂಬುದಕ್ಕೆ ಸಾರ್ವಜನಿಕ ಬದುಕಿನಲ್ಲಿ ಬೇಕಾದಷ್ಟು ನಿದರ್ಶನಗಳು. 1923ರಲ್ಲಿ ಶಿರಸಿಯ ತೋಟಗಾರರ ಸಹಕಾರಿ ಸಂಘ, ಇಂದಿನ ಟಿಎಸ್‌ಎಸ್, ಕಟ್ಟಿದ ಶ್ರೀಪಾದ ಹೆಗಡೆಯವರು ಕಡವೆ ಹೆಗಡೆಯವರೆಂದೇ ಪ್ರಸಿದ್ಧರು. ರಾಜಕಾರಣಿ ವಿಶ್ವೇಶ್ವರ ಹೆಗಡೆ ಕಾಗೇರಿಯವರನ್ನು ರಾಜ್ಯವೆಲ್ಲ ಕಾಗೇರಿ ಎಂದೇ ಕರೆಯುತ್ತದೆ. ಪರಿಸರ ಹೋರಾಟದ ಅನಂತ ಹೆಗಡೆಯವರಿಗೆ ಅಶೀಸರ ಸೇರಿತು. ಲೇಖಕ ಶಿವಾನಂದ ಕಳವೆ, ಕತೆಗಾರ ಶ್ರೀಧರ ಬಳಗಾರ ಒಂದು ಹೆಜ್ಜೆ ಮುಂದೆ ಹೋಗಿ ಅಡ್ಡಹೆಸರನ್ನು ಬದಿಗಿಟ್ಟು ಊರನ್ನೇ ಹೆಸರಿಗೆ ಕಟ್ಟಿಕೊಂಡರು; ಕಳವೆ ಶಿರಸಿ ತಾಲ್ಲೂಕಿನದು, ಬಳಗಾರ ಯಲ್ಲಾಪುರದ್ದು. ಯಕ್ಷಗಾನದಲ್ಲಂತೂ ಚಿಟ್ಟಾಣಿ, ಕೆರೆಮನೆ, ಹೊಸ್ತೋಟ, ನೆಬ್ಬೂರು ಎಂದರೆ ಮುಂದಿನ ಪದ ಹೇಳುವ ಅಗತ್ಯವೇ ಇಲ್ಲ. ರಾತ್ರಿ ಆಟದ ಚೌಕಿಯಲ್ಲಿ ಮೂವರು ರಾಮಚಂದ್ರ ಹೆಗಡೆಯರಿದ್ದರೆ ಬಣ್ಣ ಹಚ್ಚಿಕೊಳ್ಳಲು ಕರೆಯುವುದು ಊರಿನ ಹೆಸರಿನಿಂದಲೇ.

ಈ ಊರ ಹೆಸರುಗಳಲ್ಲಿ ಮಲೆನಾಡಿನ ನೆಲದ ಪೂರ್ತಿ ವಿವರಣೆ ಇದೆ. ಕಾನು ಎಂದರೆ ನಿತ್ಯ ಹಸಿರಿನ ದಟ್ಟ ಕಾಡು. ಕಾನಸೂರು, ಕಾನಗೋಡ ಅದರಿಂದ. ಜಡ್ಡಿಯಿಂದ ಜಡ್ಡಿಗದ್ದೆ. ನೀರು ಜಿನುಗುವ ತಗ್ಗಿನಿಂದ ‘ಸರ’ದ ಊರುಗಳು. ಕೊಪ್ಪ, ಕಟ್ಟಾ, ಬೈಲು, ಗುಂಡಿ, ತೋಟ, ಮನೆ. ತೋಟವೊಂದು ಎಲ್ಲಿ ನೀರು ಕಂಡು ನಿಂತಿತೋ, ಮನೆಯೊಂದು ಯಾವ ದಿಕ್ಕಿಗೆ ಪಾಲಾಯಿತೋ ಅದು ಇಂದು ಬೆಂಗಳೂರಿನ ಫ್ಲಾಟಿನ ಬಾಗಿಲ ಮೇಲೆ ಇರುವುದುಂಟು.

ಹೆಣ್ಣುಮಕ್ಕಳ ವಿಷಯದಲ್ಲಿ ಊರ ಹೆಸರಿಗೆ ಬೇರೆಯೇ ಬೆಲೆ. ದಾಖಲೆಯಲ್ಲಿ ಮದುವೆಗೆ ಮೊದಲು ಅಪ್ಪನ ಹೆಸರು ನಡುವಿನ ಪದ, ಮದುವೆಯ ನಂತರ ಗಂಡನದು. ಹಳೆಯ ಕಂದಾಯ ಪತ್ರಗಳಲ್ಲಿ ಗಂಡಸಿಗೆ ‘ಬಿನ್’ ಇದ್ದರೆ ಹೆಂಗಸಿಗೆ ‘ಕೋಂ’. ಕೊಂಕಣಿ ಮನೆಗಳಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆದು ವಧುವಿನ ಮೊದಲ ಹೆಸರನ್ನೂ ಬದಲಿಸುವ ಪದ್ಧತಿಯಿತ್ತು. ಹೀಗೆ ಕಾಗದದಲ್ಲಿ ಅವಳ ಹುಟ್ಟಿನ ಗುರುತು ಉಳಿಯುವುದು ಕಡಿಮೆ. ಬಾಯಿಮಾತಿನಲ್ಲಿ ಮಾತ್ರ ತವರು ಉಳಿಯುತ್ತದೆ. ಹವ್ಯಕರ ಮನೆಗೆ ಬಂದ ಹೆಂಗಸು ಗಂಡನ ಮನೆಯ ಮಕ್ಕಳಿಗೆ ‘ಕಾನಸೂರು ದೊಡ್ಡಮ್ಮ’, ‘ಹೇರೂರು ಚಿಕ್ಕಿ’, ‘ಸಾಲ್ಕಣಿ ಅತ್ತಿಗೆ’. ಅರವತ್ತು ವರ್ಷ ಬಾಳ್ವೆ ಮಾಡಿದ ಮೇಲೂ ಅವಳನ್ನು ಕರೆಯುವುದು ಅವಳು ಬಿಟ್ಟು ಬಂದ ಊರಿನ ಹೆಸರಿನಿಂದ. ದಾಖಲೆ ಕಿತ್ತುಕೊಂಡದ್ದನ್ನು ಮನೆಮಾತು ಹಾಗೆ ಕಾಪಾಡಿದೆ.

ಮಠಗಳಲ್ಲಿ ಹೆಸರು ವ್ಯಕ್ತಿಯದ್ದಲ್ಲ, ಪೀಠದ್ದು. ಸೋದೆಯ ಜೈನ ಮಠದ ಸ್ವಾಮಿಗಳು ಭಟ್ಟಾಕಳಂಕ ಎಂಬ ಹೆಸರನ್ನೇ ಹೊರುತ್ತ ಬಂದಿದ್ದಾರೆ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಎಂಬ ಕನ್ನಡ ವ್ಯಾಕರಣವನ್ನು ಬರೆದ ಭಟ್ಟಾಕಳಂಕದೇವನು ಆ ಪರಂಪರೆಯವನು.

ಕಳೆದ ನಾಲ್ಕೈದು ದಶಕಗಳಲ್ಲಿ ಹೆಸರುಗಳ ನಕ್ಷೆ ವೇಗವಾಗಿ ಬದಲಾಗಿದೆ. ಮಹಾಬಲೇಶ್ವರ, ಸುಬ್ರಾಯ, ತಿಮ್ಮಪ್ಪ, ಗುತ್ಯಪ್ಪರನ್ನು ತೊಟ್ಟಿಲಲ್ಲಿ ಕಾಣುವುದು ಅಪರೂಪ. ಪ್ರಣವ, ಆರ್ಯ, ಅದ್ವೈತರು ಎಲ್ಲ ಕೇರಿಗಳಲ್ಲಿಯೂ ಇದ್ದಾರೆ. ಮೊದಲ ಹೆಸರಿನಿಂದ ಜಾತಿಯೂ ಹರಕೆಯ ದೇವರೂ ತಿಳಿಯುವ ಕಾಲ ಹೋಗುತ್ತಿದೆ. ಜಾತಿ ತಿಳಿಯದಿರುವುದು ಒಳ್ಳೆಯದೇ. ಚಂದ್ರಗುತ್ತಿಯ ಗುಡ್ಡ ತೊಟ್ಟಿಲಿನಿಂದ ಮಾಯವಾಗುವುದು ನಷ್ಟ. ಇನ್ನೊಂದೆಡೆ ಪಹಣಿಯಲ್ಲಿ ಮಾಬ್ಲೇಶ್ವರ, ಆಧಾರಿನಲ್ಲಿ ಮಹಾಬಲೇಶ್ವರ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎಂ. ಆರ್. ಹೆಗಡೆ ಎಂದಿರುವ ಹಿರಿಯರು ಮೂವರೂ ತಾನೊಬ್ಬನೇ ಎಂದು ಅಫಿಡವಿಟ್ ಮಾಡಿಸಬೇಕಾಗುತ್ತದೆ. ಹೆಗಡೆ, ಹೆಗ್ಡೆ, ಭಟ್, ಭಟ್ಟ, ನಾಯ್ಕ, ನಾಯಕ ಎಂಬ ಕಾಗುಣಿತದ ಅಂತರಗಳು ಮೊದಲು ಸಮುದಾಯದ ಸುಳಿವಾಗಿದ್ದವು, ಈಗ ಪಾಸ್‌ಪೋರ್ಟ್ ಅರ್ಜಿಯ ತೊಡಕುಗಳು. ವಿದೇಶಕ್ಕೆ ಹೋದ ಸೊರಬ, ಸಾಗರದ ಹುಡುಗರು ಅಡ್ಡಹೆಸರಿನ ಖಾನೆಗೆ ಅಪ್ಪನ ಹೆಸರನ್ನು ಬರೆದರೆ, ಶಿರಸಿಯವರಿಗೆ ಆ ಖಾನೆ ತುಂಬಲು ಮುಂಬಯಿ ಸರ್ಕಾರ ಕಲಿಸಿಹೋದ ಪದ ಸಿದ್ಧವಾಗಿಯೇ ಇರುತ್ತದೆ.